ಸಂಪ್ರೀತ್ ಅವರ ಎಡಗಿವಿಯ ಮಣಿ

ಗುಡ್ಡ ಹೊಗೆಯಾಡತೊಡಗಿದ ಅರವತ್ತೊಂದನೇ ವರ್ಷ,
ಹದಿನಾಲ್ಕನೇ ತಿಂಗಳು, ಏಳನೇ ದಿನ. ಬಿಲಗೇರಿ.

ಶ್ರೀ ಸಂಪ್ರೀತ್ ಅವರಿಗೆ,

ಹದಿನಾಲ್ಕನೇ ತಿಂಗಳು ಎಂದು ಓದಿ ನಗಬೇಡಿ. ನಮ್ಮ ಕೇರಿಗೆ ನೀರಿನ ಗಾಡಿ ಇಪ್ಪತ್ತಾರು ದಿನಕ್ಕೊಮ್ಮೆ ಬರುತ್ತದೆ. ಅದು ಬಂದ ದಿನವೇ ನಮಗೆ ತಿಂಗಳ ಮೊದಲ ದಿನ. ನಿಮ್ಮ ಲೆಕ್ಕದಲ್ಲಿ ಇದು ಯಾವ ಇಸವಿಯೋ ನಾನರಿಯೆ. ನೀವು ಸತ್ತು ಬಹಳ ಕಾಲವಾಯಿತು ಎಂಬುದಷ್ಟೇ ಗೊತ್ತು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ, ನಮ್ಮಲ್ಲಿ ಹೊಸದಾಗಿ ಹುಟ್ಟಿದ ಮಾತುಗಳೆಲ್ಲ ಈ ಗುಡ್ಡದಿಂದಲೇ ಹುಟ್ಟಿದವು. ಸತ್ತವರಿಗೆ ಕಾಗದ ಬರೆಯುವ ಮುದುಕಿ ಎಂದು ಕೇರಿಯವರು ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ಬೈಯಬೇಕಾದವರನ್ನು ಬೈಯದೆ ನನಗೆ ಗಂಟಲಲ್ಲಿ ಮುದ್ದೆ ಇಳಿಯುತ್ತಿಲ್ಲ.

ನಿಮ್ಮ ಹೆಸರು ಸಿಕ್ಕಿದ್ದು ಒಂದು ಬಿಳಿ ಡಬ್ಬಿಯ ಮೇಲೆ. 'ಸಂಪ್ರೀತ್‌ಗೆ, ಹುಟ್ಟುಹಬ್ಬಕ್ಕೆ' ಎಂದು ಯಾರೋ ಅಕ್ಕರೆಯಿಂದ ಕೆತ್ತಿಸಿದ್ದರು. ಒಳಗೆ ಒಂದು ಜೊತೆ ಕಿವಿಮಣಿ. ನೀವು ಇಯರ್‌ಬಡ್ ಎನ್ನುತ್ತಿದ್ದಿರಂತೆ. ಮೇಲೆ ಒಂದು ಗೀರೂ ಇಲ್ಲ. ಹೆಸರುಕಾಳಿನ ಗಾತ್ರದ ಬ್ಯಾಟರಿ ಮುಗಿದಿತ್ತು, ಅಷ್ಟೇ. ಅಷ್ಟಕ್ಕೇ ಎರಡನ್ನೂ ಬಿಸಾಡಲು ನಿಮಗೆ ಮನಸ್ಸಾದರೂ ಹೇಗೆ ಬಂತು ಸ್ವಾಮಿ? ಬಿಚ್ಚಿಸಲು ನೀವೂ ಓಡಾಡಿರಬಹುದು, ಇಲ್ಲವೆನ್ನುವುದಿಲ್ಲ. ಒಂದೇ ಒಂದು ತಿರುಪೂ ಇಲ್ಲದಂತೆ ಅಂಟು ಸುರಿದು ಮುಚ್ಚಿ ಕಳಿಸಿದ ಪುಣ್ಯಾತ್ಮರು ಬೇರೆಯೇ ಇದ್ದರು.

ನಾವಿರುವ ಜಾಗ ನಿಮ್ಮ ಕಾಲದಲ್ಲಿ ಗಣಿಯಾಗಿತ್ತು. ಬ್ಯಾಟರಿಗೆ ಬೇಕಾದ ಲೋಹಕ್ಕಾಗಿ ಒಂದು ಬೆಟ್ಟವನ್ನು ಅಗೆದು ಗುಂಡಿ ಮಾಡಿದರು. ಅದಿರು ತೊಳೆದ ನೀರನ್ನು ಮೂರು ಕೆರೆಗಳಿಗೆ ಬಿಟ್ಟರು. ಆಮೇಲೆ ಅದೇ ಗುಂಡಿಗೆ ಕೆಟ್ಟ ಫೋನು, ಕೈಗಡಿಯಾರ, ಕಿವಿಮಣಿಗಳನ್ನು ಲಾರಿಗಟ್ಟಲೆ ತಂದು ಸುರಿದರು. ಗುಂಡಿ ತುಂಬಿ ಮತ್ತೆ ಗುಡ್ಡವಾಯಿತು. ಸಾಮಾನು ಎಸೆದಾಗ ಹಾಳಾದದ್ದಕ್ಕಿಂತ ಮಾಡುವಾಗ ಹಾಳಾದದ್ದೇ ಹೆಚ್ಚು ಎಂದು ನಮ್ಮ ಮೇಷ್ಟ್ರು ಮಕ್ಕಳಿಗೆ ಹೇಳಿಕೊಡುತ್ತಾರೆ. ಒಂದನ್ನೇ ರಿಪೇರಿ ಮಾಡಿಕೊಂಡು ಹತ್ತು ವರ್ಷ ಬಳಸಿದ್ದರೆ ಒಂದು ಸಲ ಅಗೆಯುತ್ತಿದ್ದರು. ಎರಡು ವರ್ಷಕ್ಕೊಂದು ಹೊಸದು ಬೇಕಾಯಿತು, ಐದು ಸಲ ಅಗೆದರು. ನೀವು ಹುಟ್ಟುಹಬ್ಬದ ದಿನ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ನಮ್ಮ ಕೆರೆ ಸತ್ತಿತ್ತು.

ಆ ಗುಡ್ಡವನ್ನು ಕೊರೆದು ತಾಮ್ರ ಮತ್ತು ಆಯಸ್ಕಾಂತದ ಚೂರು ತೆಗೆಯುವುದು ನಮ್ಮ ಕಸುಬು. ಕೊರೆದ ದಾರಿಗೆ ಬಿಲ ಎನ್ನುತ್ತೇವೆ; ಒಬ್ಬರು ತೆವಳಿ ಹೋಗುವಷ್ಟು ಅಗಲ. ಬಿಲದ ಬಾಯಲ್ಲಿ ಮನೆಯ ಇನ್ನೊಬ್ಬರು ಕೂತು, ಬಂದ ಬುಟ್ಟಿಯನ್ನು ಹಸನು ಮಾಡುತ್ತಾರೆ. ಅಂಟು ಬಿಡಿಸಲು ಕಾದ ಮರಳಲ್ಲಿ ಹೂತಿಡಬೇಕು, ಹೊಗೆ ತಾಗದಂತೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಬೇಕು, ಕೆಲಸ ಮುಗಿದ ಮೇಲೆ ಬೂದಿಯಲ್ಲಿ ಕೈ ಉಜ್ಜಿಕೊಳ್ಳಬೇಕು. ಗಾಳಿ ಬಡಿಯದ ಕಡೆ ನಿಲ್ಲಿಸಿದ ಹಳೆಯ ಬಸ್ಸುಗಳ ಒಳಗೆ ಮಣ್ಣು ತುಂಬಿ ರಾಗಿ ಬೆಳೆಯುತ್ತೇವೆ. ಗಾಡಿಯ ನೀರು ಗುಡ್ಡದ ಕೆಲಸ ಮಾಡುವವರಿಗೆ ಮಾತ್ರ. ಕೆಲಸ ಬಿಟ್ಟವರು ಕೆರೆಯ ನೀರನ್ನೇ ಕುಡಿಯಬೇಕು, ಕುಡಿದವರು ಹೆಚ್ಚು ದಿನ ಇರುವುದಿಲ್ಲ.

ಗುಡ್ಡದ ಒಡಲಲ್ಲಿ ಬೆಂಕಿಯಿದೆ. ಅದು ಯಾವ ಕಡೆ ಹೊರಳುತ್ತದೋ ಹೇಳಲಾಗದು. ಅದಕ್ಕೆ ನಮ್ಮಲ್ಲಿ ಕೂಗಾಳು ಎಂಬ ಕೆಲಸದವನು ಇದ್ದಾನೆ, ಮರಿಹೊನ್ನ ಎಂದು ಹೆಸರು. ಹೊತ್ತಿಗೊಮ್ಮೆ ಅವನು ಬಿಲದಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾನೆ, ಅವರು ಒಳಗಿಂದ 'ಓ' ಎನ್ನಬೇಕು. ಮೂರು ಸಲ ಕೂಗಿದರೂ ಓಗೊಡದಿದ್ದರೆ ಹೊಗೆ ನುಂಗಿತು ಎಂದು ತಿಳಿದು ಆ ಬಿಲದ ಬಾಯಿಗೆ ಮಣ್ಣು ಸುರಿಯುತ್ತೇವೆ. ಗಾಳಿ ಆಡಿದರೆ ಬೆಂಕಿ ಎಲ್ಲ ಬಿಲಗಳಿಗೂ ನುಗ್ಗುತ್ತದೆ. ಒಮ್ಮೆ ಒಬ್ಬನನ್ನು ಹುಡುಕಲು ಹೋಗಿ ಹನ್ನೊಂದು ಜನ ಸತ್ತರು, ಅಂದಿನಿಂದ ಇದೇ ಕಟ್ಟಳೆ. ಕಿವಿ ಕೇಳದವರನ್ನು ಬಿಲಕ್ಕೆ ಬಿಡುವುದಿಲ್ಲ.

ನನ್ನ ಮಗಳು ಚೆಲುವಾಜಿಗೆ ಕಿವಿ ಮಂದವಾಗತೊಡಗಿತು. ಕೆರೆನೀರಿನ ಸೀಸ ಮೈಗೆ ಸೇರಿದವರಿಗೆ ಹೀಗಾಗುವುದುಂಟು. ಅವಳು ಹುಟ್ಟಿದ ವರ್ಷ ಗಾಡಿ ನೂರು ದಿನ ಬಂದಿರಲಿಲ್ಲ, ಕೆರೆಯ ನೀರನ್ನು ನಾನೇ ಕುಡಿಸಿದ್ದೆ. "ಅವ್ವ, ಯಾರ್ಗೂ ಯೋಳ್ಬ್ಯಾಡ ಕಣೆ. ಕೇಳಕ್ಕಿಲ್ಲ ಅಂತ ಗೊತ್ತಾದ್ರೆ ನೀರು ನಿಲ್ಲಿಸ್ಬುಡ್ತಾರೆ" ಎಂದಳು. ನಾನು ಹೇಳಲಿಲ್ಲ. ಅವಳ ಬದಲು ಬಿಲದಲ್ಲಿ ತೆವಳುವ ಶಕ್ತಿ ನನಗೆ ಉಳಿದಿರಲಿಲ್ಲ. ಅವಳ ಕಾಲಿಗೆ ಒಂದು ಹಗ್ಗ ಕಟ್ಟಿ ತುದಿಯನ್ನು ಕೈಯಲ್ಲಿ ಹಿಡಿದು ಬಿಲದ ಬಾಯಲ್ಲಿ ಕೂರುತ್ತಿದ್ದೆ. ಮರಿಹೊನ್ನ ಅವಳ ಹೆಸರು ಕೂಗಿದ ಕೂಡಲೇ ಜಗ್ಗುತ್ತಿದ್ದೆ, ಅವಳು ಒಳಗಿಂದ 'ಓ' ಎನ್ನುತ್ತಿದ್ದಳು. ಬುಟ್ಟಿ ಎಳೆಯುವ ಹಗ್ಗವೆಂದು ಎಲ್ಲರೂ ನಂಬಿದರು. ಎರಡು ವರ್ಷ ಇಡೀ ಕೇರಿಯ ಕಣ್ಣಿಗೆ ಮಣ್ಣೆರಚಿದೆವು.

ಹೀಗೆ ಎಷ್ಟು ದಿನ ನಡೆದೀತು? ಕಿವಿಮಣಿಯೊಂದಕ್ಕೆ ಜೀವ ಬಂದರೆ ಹೊರಗಿನ ದನಿಯನ್ನು ಹಿಡಿದು ದೊಡ್ಡದು ಮಾಡಿ ಕೇಳಿಸುತ್ತದೆ ಎಂದು ಮೇಷ್ಟ್ರು ಒಮ್ಮೆ ಹೇಳಿದ್ದರು. ಅದಕ್ಕೆ ಹೊಂದುವ ಉಪ್ಪುಗುಂಡನ್ನು, ಅಂದರೆ ಉಪ್ಪಿನಿಂದ ಮಾಡುವ ಪುಟ್ಟ ಬ್ಯಾಟರಿಯನ್ನು, ನಮ್ಮವರೇ ಮಾಡುತ್ತಾರೆ. ಒಳಗೆ ಕೂರಿಸುವುದೊಂದೇ ಬಾಕಿ. ಆ ಒಂದೇ ಕೆಲಸಕ್ಕೆ ನನ್ನ ಉಗುರುಗಳೆಲ್ಲ ಹೋದವು. ಹೆಚ್ಚು ಕಾಯಿಸಿದರೆ ಕರಗುತ್ತದೆ, ಕಡಿಮೆ ಕಾಯಿಸಿದರೆ ಅಂಟು ಬಿಡುವುದಿಲ್ಲ, ಮೀಟಿದರೆ ಕೂದಲಿನಷ್ಟು ಸಣ್ಣ ತಂತಿ ಪಟ್ಟೆಂದು ಹರಿಯುತ್ತದೆ. ಅರವತ್ತೆರಡು ಮಣಿ ಒಡೆದೆ. ಒಂದೊಂದು ಒಡೆದಾಗಲೂ ಮಾಡಿದವರ ವಂಶಕ್ಕೆ ಹಿಡಿಶಾಪ ಹಾಕಿದೆ. ಅರವತ್ತಮೂರನೆಯದು ನಿಮ್ಮದು.

ಅಂದು ನಡುಮಧ್ಯಾಹ್ನ. ಮಗಳು ಬಿಲದಲ್ಲಿದ್ದಳು. ನಿಮ್ಮ ಎಡಗಿವಿಯ ಮಣಿ ಮರಳಲ್ಲಿ ಹದವಾಗಿ ಕಾದಿತ್ತು, ಒಲೆಯಿದ್ದದ್ದು ಇಪ್ಪತ್ತು ಹೆಜ್ಜೆ ಆಚೆ, ಗೋಡೆಯ ಮರೆಯಲ್ಲಿ. ಹಗ್ಗವನ್ನು ಕಲ್ಲಿಗೆ ಸುತ್ತಿ ಹೋದೆ. ಮಣಿ ಬಿಚ್ಚಿಕೊಂಡಿತು! ತಂತಿ ಹರಿಯಲಿಲ್ಲ. ಉಪ್ಪುಗುಂಡು ಕೂರಿಸಿದೆ, ಸಾಸಿವೆಯಷ್ಟು ಬೆಳಕು ಮಿನುಗಿತು. ಅಯ್ಯೋ ನನ್ನಪ್ಪ, ನನಗಾದ ಸಂತೋಷವನ್ನು ಏನೆಂದು ಹೇಳಲಿ! ಕಿವಿಗೆ ಇಟ್ಟುಕೊಂಡೆ. ಏನೂ ಇಲ್ಲ. ತೆಗೆದು ನೋಡಿದರೆ ಬೆಳಕು ಮಿನುಗುತ್ತಲೇ ಇದೆ. ಅದು ನಿಮ್ಮ ಫೋನನ್ನು ಹುಡುಕುತ್ತಿತ್ತೆಂದು ಮೇಷ್ಟ್ರು ಆಮೇಲೆ ಹೇಳಿದರು. ಯಜಮಾನನ ಫೋನು ಒಪ್ಪಿದ ಮೇಲೆಯೇ ಕೇಳಿಸುವಂತೆ ಅದನ್ನು ಕಟ್ಟಿದ್ದರಂತೆ.

ನನಗೆ ಅದು ಗೊತ್ತಿರಲಿಲ್ಲ. ಇನ್ನೇನು ಕೇಳಿಸೀತು ಎಂದು ಅದನ್ನೇ ನೋಡುತ್ತ ಕೂತೆ. ಮರಿಹೊನ್ನ ಕೂಗಿದ್ದು ನನಗೆ ಕೇಳಿಸಿತು, ಸಂಪ್ರೀತ್ ಅವರೇ. ಸುಳ್ಳು ಹೇಳುವುದಿಲ್ಲ. "ಚೆಲುವಾಜೀ, ಓ ಅನ್ನವ್ವಾ" ಎಂದ. ಎರಡನೇ ಕೂಗಿಗೆ ಏಳೋಣ ಅಂದುಕೊಂಡೆ. ಎರಡನೇ ಕೂಗಿಗೆ ಬೆಳಕಿನ ಬಣ್ಣ ಬದಲಾಯಿತು, ಒಂದು ಗಳಿಗೆ ತಡೆದೆ. ಮೂರನೇ ಕೂಗಿಗೆ ಎದ್ದು ಓಡಿದೆ. ಪಕ್ಕದ ಬಿಲದಲ್ಲಿ ಆಗಲೇ ಹೊಗೆ ಎದ್ದಿತ್ತು, ಎಂಟು ಜನ ಮಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ನಾನು ಗೋಡೆ ದಾಟುವಷ್ಟರಲ್ಲಿ ಮಗಳ ಬಿಲದ ಬಾಯಿಗೆ ಸುರಿದುಬಿಟ್ಟರು. ಅವರ ತಪ್ಪೇನೂ ಇಲ್ಲ.

"ಅವಳಿಗೆ ಕಿವಿ ಕೇಳಕ್ಕಿಲ್ಲ ಕಣ್ರಪ್ಪೋ, ಬದುಕವ್ಳೆ" ಎಂದು ಅರಚಿ ಹಗ್ಗ ಜಗ್ಗಿದೆ. ಒಳಗಿಂದ ಅವಳು ತಿರುಗಿ ಜಗ್ಗಿದಳು. ಮರಿಹೊನ್ನ ನೋಡಿದ, ಎಲ್ಲರೂ ನೋಡಿದರು. ಬುಟ್ಟಿ ಎಸೆದು ಬರಿಗೈಯಲ್ಲಿ ಮಣ್ಣು ತೋಡಿದರು. ಮತ್ತೊಮ್ಮೆ ಜಗ್ಗಿದೆ, ಮತ್ತೊಮ್ಮೆ ಜಗ್ಗಿದಳು, ಮೊದಲಿಗಿಂತ ಮೆಲ್ಲಗೆ. ಅಷ್ಟರಲ್ಲಿ ಬಿಲದ ಮೇಲ್ಭಾಗ ಕುಸಿದು, ನಿಮ್ಮ ಕಾಲದ ಫೋನುಗಳೆಲ್ಲ ರಾಶಿರಾಶಿಯಾಗಿ ಒಳಕ್ಕೆ ಜಾರಿದವು. ಹೊತ್ತು ಇಳಿಯುವವರೆಗೂ ಅಗೆದೆವು. ಮತ್ತೆ ಹಗ್ಗ ಅಲುಗಲಿಲ್ಲ.

ಎರಡನೇ ಕೂಗಿಗೆ ಏಳದ ತಪ್ಪು ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಈ ಕಾಗದ ಹೇಗಾದರೂ ಹಿಂದಕ್ಕೆ ನಿಮ್ಮ ಕಾಲಕ್ಕೆ ಮುಟ್ಟೀತು ಎಂದು ನಿಮ್ಮನ್ನೊಂದು ಕೇಳಿಕೊಳ್ಳುತ್ತೇನೆ. ಒಂದು ದಿನ ನಿಮ್ಮ ಎಡಗಿವಿಯ ಮಣಿ ನಿಲ್ಲುತ್ತದೆ. ಅಂಗಡಿಯವನು ಇದು ರಿಪೇರಿಯಾಗುವುದಿಲ್ಲ, ಹೊಸದು ಬಂದಿದೆ ನೋಡಿ ಎನ್ನುತ್ತಾನೆ. ಆಗಲಿ ಎಂದು ತಲೆಯಾಡಿಸಬೇಡಿ ಸ್ವಾಮಿ. ಯಾಕೆ ಆಗುವುದಿಲ್ಲ ಎಂದು ಕೇಳಿ. ಅವನಿಗೆ ಗೊತ್ತಿರುವುದಿಲ್ಲ, ಮಾಡಿದವರನ್ನು ಕೇಳಿ. ಜಗಳಗಂಟ ಎಂದಾರು, ಅನ್ನಲಿ. ನಿಮ್ಮಂಥವರು ಹತ್ತು ಸಾವಿರ ಜನ ಜಗಳಕ್ಕೆ ನಿಂತರೆ ಅವರು ಅಂಟು ಬಿಟ್ಟು ತಿರುಪು ಹಾಕಿಯಾರು. ನನ್ನ ಮಗಳಿಗೆ ಇಪ್ಪತ್ತೆರಡು ವರ್ಷವಾಗಿತ್ತು.

ಚೆಲುವಾಜಿಯ ತಾಯಿ,
ನಿಂಗಾಜಮ್ಮ