ಹಲಗೆಯ ಹತ್ತನೆಯ ಹಾಡು

ರಮಾಮಣಿ,

ನೀನು ಹೋದ ಊರಿಗೆ ಟಪ್ಪಾಲು ಇಲ್ಲವೆಂದು ಗೊತ್ತುಂಟು. ಆದರೂ ನಮ್ಮ ಕ್ಯಾಸೆಟ್ ಅಂಗಡಿಯ ಸುದ್ದಿಯನ್ನು ಬೇರೆ ಯಾರಿಗೆ ಹೇಳಲಿ? ಮಣಿಪಾಲದ ಹಾಸ್ಟೆಲ್ ಮಕ್ಕಳೆಲ್ಲ ಈಗ ಖಾಲಿ ಕ್ಯಾಸೆಟ್ಟಿಗೆ ಒಂದೇ ಹಾಡು ತುಂಬಿಸಿಕೊಳ್ಳುತ್ತಿದ್ದಾರೆ. ಅಮೇರಿಕದಲ್ಲಿ ಮೊನ್ನೆ ಮೊನ್ನೆ ಬಿಡುಗಡೆಯಾದದ್ದು, ದುಬೈ ದಾರಿಯಾಗಿ ಇಲ್ಲಿಗೆ ಬಂತು. ರ‍್ಯಾಪ್ ರಾಕ್ ಅಂತೆ. ಗಿಟಾರಿನ ಗದ್ದಲದ ಮೇಲೆ ಒಬ್ಬ ಹಾಡುವುದೇ ಇಲ್ಲ, ಜಗಳಕ್ಕೆ ನಿಂತವನ ಹಾಗೆ ಮಾತಾಡುತ್ತಾನೆ. ನೀನಿದ್ದರೆ, "ಎಂತ ಮಾರಾಯ್ರೆ, ಅವನಿಗೆ ಯಾರು ಎಂತ ಮಾಡಿದ್ದು?" ಎನ್ನುತ್ತಿದ್ದೆ.

ಹೆಚ್ಚು ಜನ ಕೇಳಿದ ಹಾಡು ಮೇಲೆ ಎಂದು ನೀನು ಶುರು ಮಾಡಿದ ಟಾಪ್ ಟೆನ್ ಹಲಗೆಯಲ್ಲಿ ಅದು ಎಂಟಕ್ಕೆ ಬಂತು, ಮರುವಾರ ಮೂರು, ಈ ಶನಿವಾರ ಒಂದು. ಹತ್ತರಲ್ಲಿ ನಿನಗೆ ಇಷ್ಟದ ತುಳು ಹಾಡು ನಿನ್ನದೇ ಅಕ್ಷರದಲ್ಲಿ ಉಂಟು. ನಾನು ಉಳಿದ ಒಂಬತ್ತನ್ನು ಮಾತ್ರ ಒರೆಸುವುದು.

ಇವತ್ತು ಮೆಡಿಕಲ್ ಹುಡುಗಿಯೊಬ್ಬಳು ನಕ್ಕಳು. "ಅಂಕಲ್, ಚೀಟಿಂಗ್! ಹತ್ತನೆಯದನ್ನು ಈ ವಾರ ಯಾರು ಕೇಳಿದ್ದು?"

"ಟೈಮ್ ಅಂಡ್ ಟೈಡ್ ವೇಟ್ ಫಾರ್..." ಎಂದು ಇಂಗ್ಲಿಷ್ ಗಾದೆಯೊಂದನ್ನು ಹೇಳಹೊರಟೆ, ಮುಂದಿನದ್ದು ಮರೆತುಹೋಯಿತು. ಹಲಗೆ ಒರೆಸುವ ಒದ್ದೆ ಬಟ್ಟೆಯನ್ನು ಹಿಂಡಿ ಬದಿಗಿಟ್ಟೆ.

ಅವಳು ಹೋದ ಮೇಲೆ ಒಂದು ಖಾಲಿ ಕ್ಯಾಸೆಟ್ ಬಿಚ್ಚಿ, ನಿನ್ನ ಹಾಡು ತುಂಬಿಸಿ, ಗಿರಾಕಿಯ ಹೆಸರು ಬರೆಯುವಲ್ಲಿ ನನ್ನದೇ ಹೆಸರು, ಜನಾರ್ದನ ಎಂದು ಬರೆದೆ. ಈ ವಾರ ಒಬ್ಬ ಕೇಳಿದ್ದಾನೆ ಮಾರಾಯ್ತಿ.