ಗಾಡಿಯ ಕುತ್ತಿಗೆಯ ಮೇಲಿನ ಶ್ರೀ

ಪೂಜ್ಯ ಭಾವನವರಿಗೆ ನಾಗರಾಜ ಮಾಡುವ ನಮಸ್ಕಾರಗಳು.

ಇಲ್ಲಿ ಅಕ್ಕ, ನಾನು ಕ್ಷೇಮ. ಅಲ್ಲಿಯ ಕ್ಷೇಮಕ್ಕೆ ಬರೆಯಿರಿ ಅಂತ ಕೇಳುವ ಹಾಗಿಲ್ಲ, ಆ ಸಾಲನ್ನು ಬಿಟ್ಟೇ ಶುರು ಮಾಡುತ್ತಿದ್ದೇನೆ. ನಿಮ್ಮ ಮೋಟಾರ್ ಸೈಕಲ್ ಮಾರಿದೆವು ಭಾವ. ಸಿಟ್ಟಾಗಬೇಡಿ. ನೀವು ಹೋದ ಮೇಲೆ ಅದು ವರಾಂಡದ ಪಕ್ಕದ ಶೀಟಿನ ಕೆಳಗೆ ಗೋಣಿ ಹೊದ್ದುಕೊಂಡು ನಿಂತೇ ಇತ್ತು. ಬೀದಿಯಲ್ಲಿ ಯಾವ ಗಾಡಿ ಸದ್ದಾದರೂ ಅಕ್ಕ ಒಲೆ ಮುಂದಿನಿಂದೆದ್ದು ಬಾಗಿಲಿಗೆ ಬಂದುಬಿಡುತ್ತಿದ್ದಳು. ಕೊನೆಗೆ ಒಂದು ದಿನ ಅವಳೇ ಹೇಳಿದಳು: "ಯಾರಾದ್ರೂ ಓಡಿಸೋರಿಗೆ ಕೊಟ್ಬಿಡೋ ನಾಗ. ಅದು ತುಕ್ಕು ಹಿಡಿಯೋದನ್ನ ನೋಡಕ್ಕಾಗಲ್ಲ ನಂಗೆ."

ನೀವು ಅದನ್ನು ಮನೆಗೆ ತಂದ ದಿನ ನೆನಪಿದೆಯಾ? ಯುದ್ಧದಲ್ಲಿ ಓಡಿಸಿದ್ದ ಗಾಡಿಗಳನ್ನೆಲ್ಲ ಮಿಲಿಟರಿಯವರು ಹರಾಜು ಹಾಕುತ್ತಿದ್ದ ಕಾಲ. ಜಯನಗರದಲ್ಲಿ ಆಗ ಮನೆಗಳಿಗಿಂತ ಕಲ್ಲು ನೆಟ್ಟ ಸೈಟುಗಳೇ ಹೆಚ್ಚು. ನೀವು ಬರುವುದು ನಮಗೆ ಒಂದು ಮೈಲಿ ಆಚೆಯಿಂದಲೇ ಕೇಳಿಸಿತ್ತು. ಹಸಿರು ಬಣ್ಣದ ಆ ಇಂಗ್ಲಿಷ್ ಗಾಡಿಯನ್ನು ಗೇಟಿನ ಮುಂದೆ ನಿಲ್ಲಿಸಿ, "ಕುದುರೆ ತಂದಿದೀನಿ, ಹುರುಳಿ ಬೇಯಿಸೋರು ಯಾರು?" ಅಂತ ಅಕ್ಕನನ್ನು ನೋಡಿದಿರಿ. ಅವಳು ನಗಲಿಲ್ಲ. ವಸಂತಪುರ, ಉತ್ತರಹಳ್ಳಿ ಕಡೆಯ ಹಳ್ಳಿಗಳಿಗೆ ಕರೆಂಟು ಕಂಬ ನೆಡಿಸಲು ದಿನಾ ಇದರ ಮೇಲೇ ಹೋಗುತ್ತೀರಿ ಅನ್ನುವುದು ಅವಳಿಗೆ ಆಗಲೇ ಹೊಳೆದಿತ್ತು ಅಂತ ಕಾಣುತ್ತೆ.

ಗಾಡಿ ನೋಡಲು ಬಂದವರು ಬಸವನಗುಡಿಯ ವೆಂಕಟಾಚಲಯ್ಯ ಅಂತ. ಹಳೇ ಗಾಡಿಗಳ ಹುಚ್ಚು ಅವರಿಗೆ. ಬಂದವರು ಕಿಕ್ ಹೊಡೆದು ಸದ್ದು ಕೇಳುತ್ತಾರೆ, ನಾಲ್ಕು ಕೊರತೆ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಆರ್.ಸಿ. ಪುಸ್ತಕ. "ಗಾಡಿ ಚೆನ್ನಾಗಿದೆಯಾ ಅಂತ ಆಮೇಲೆ ನೋಡೋಣ. ಇದೇ ಆ ಗಾಡೀನಾ ಅಂತ ಮೊದ್ಲು ನೋಡ್ಬೇಕು ಸಾರ್" ಅಂದರು. ಜೇಬಿನಿಂದ ತೆಳ್ಳನೆ ಕಾಗದ ತೆಗೆದು ಎಂಜಿನ್ನಿನ ನಂಬರಿನ ಮೇಲಿಟ್ಟು ಪೆನ್ಸಿಲ್ ಉಜ್ಜಿದರು. ನಂಬರು ಕಾಗದದ ಮೇಲೆ ಬಿಳಿಯಾಗಿ ಎದ್ದಿತು, ಪುಸ್ತಕಕ್ಕೆ ಸರಿಯಾಗಿ ತಾಳೆಯಾಯಿತು. ನನಗೂ ಒಂಥರಾ ಹೆಮ್ಮೆ. ಆಮೇಲೆ ಹ್ಯಾಂಡಲ್ ಕೆಳಗೆ, ಗಾಡಿಯ ಕುತ್ತಿಗೆಯ ಮೇಲೆ ಚೌಕಟ್ಟಿನ ನಂಬರು ಹೊಡೆದಿರುತ್ತಾರಲ್ಲ, ಅಲ್ಲಿನ ಹಸಿರು ಬಣ್ಣವನ್ನು ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ತೆಗೆದರು. ಕಾಗದ ಇಟ್ಟು ಉಜ್ಜಿದರು. ಉಜ್ಜಿದ್ದನ್ನು ನೋಡಿ ಪುಸ್ತಕವನ್ನು ಇನ್ನೊಮ್ಮೆ ತೆರೆದರು.

ಅವರು ಆ ಕಾಗದವನ್ನು ನನಗೆ ತೋರಿಸಿದರು ಭಾವ. ಪುಸ್ತಕದಲ್ಲಿ ನಂಬರಿಗೆ ಮುಂಚೆ ಒಂದು ಇಂಗ್ಲಿಷ್ ಅಕ್ಷರ ಇದೆ. ಗಾಡಿಯಲ್ಲಿ ಆ ಅಕ್ಷರ ಇಲ್ಲ. ಯಾರೋ ಅರದಿಂದ ನುಣ್ಣಗೆ ಉಜ್ಜಿ ತೆಗೆದಿದ್ದಾರೆ. ಆ ಜಾಗದಲ್ಲಿ ಕನ್ನಡದಲ್ಲಿ ಏನು ಗೊತ್ತಾ? 'ಶ್ರೀ'. ಬಾಲ ಉದ್ದ ಬಿಟ್ಟು, ಕೊನೆಗೊಂದು ಚುಕ್ಕೆ ಇಟ್ಟ ಶ್ರೀ. ವೆಂಕಟಾಚಲಯ್ಯ ಒಳ್ಳೆಯವರು, ಧ್ವನಿ ತಗ್ಗಿಸಿಯೇ ಹೇಳಿದರು: "ತಪ್ಪು ತಿಳ್ಕೋಬೇಡಿ. ಚಾಸಿಸ್ ನಂಬರ್ ಹತ್ರ ಅರ ಆಡಿಸಿದ್ರೆ ಆರ್.ಟಿ.ಓ.ನಲ್ಲಿ ಕದ್ದ ಗಾಡಿ ಅಂತಾರೆ. ಗಾಡಿ ಹಿಡಿದಿಟ್ಕೊಂಡು ಪೊಲೀಸ್‌ಗೆ ಬರೀತಾರೆ. ತೀರಿಕೊಂಡೋರ ಹೆಸರು ಸ್ಟೇಷನ್ನಲ್ಲಿ ಓಡಾಡೋದು ಬೇಡ. ಯೋಚನೆ ಮಾಡಿ."

ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಮನುಷ್ಯ ನೀವು. ಕರೆಂಟು ಮೀಟರಿಗೆ ಕೈ ಹಾಕಿದವನು ತಂದುಕೊಟ್ಟ ಹಲಸಿನ ಹಣ್ಣನ್ನು ಅವನ ಗಾಡಿಗೇ ವಾಪಸು ಹಾಕಿಸಿದವರು. ನಿಮ್ಮ ಹೆಸರಿನ ಪಕ್ಕ 'ಕದ್ದ' ಅನ್ನುವ ಮಾತು ಬರುವುದೆಂದರೆ... ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಆ ಮನುಷ್ಯನ ಮೇಲೆ, ಅವರ ಪೆನ್ಸಿಲ್ ಮೇಲೆ, ಉತ್ತರ ಹೇಳದೆ ಎದ್ದುಹೋದ ನಿಮ್ಮ ಮೇಲೆ. ಯಾಕೆ ಭಾವ, ಯಾವುದಕ್ಕೂ ನಗುತ್ತಾ ಉತ್ತರ ಹೇಳುತ್ತಿದ್ದವರು ಇದೊಂದಕ್ಕೆ ಒಂದು ಮಾತು ಹೇಳಿ ಹೋಗಬಾರದಿತ್ತೇ?

ಅಕ್ಕ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವರು ಹೋದ ಮೇಲೆ ಹೊರಗೆ ಬಂದು, ಗಾಡಿಯ ಮೇಲೆ ಕೈಯಿಟ್ಟು, "ಅದು ನಾನು ಮಾಡಿಸಿದ್ದು ಕಣೋ" ಅಂದಳು. ನನಗೆ ಅರ್ಥವಾಗಲಿಲ್ಲ. ನೀವು ಬನಶಂಕರಿ ಗುಡಿಯ ಹತ್ತಿರ ಎಮ್ಮೆಗಳು ಅಡ್ಡ ಬಂದು ಬಿದ್ದು, ಮಂಡಿ ಒಡೆದುಕೊಂಡು, ಪಂಚೆ ಇಳಿಬಿಟ್ಟು ಮುಚ್ಚಿಕೊಂಡು ಮನೆಗೆ ಬಂದಿದ್ದಿರಲ್ಲ? ರಕ್ತ ಅವಳು ಬಟ್ಟೆ ಒಗೆಯುವಾಗ ನೋಡಿದ್ದಳು. ಮುಂದಿನ ವಾರ ಆಯುಧಪೂಜೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಗ, "ಇದು ನನ್ನ ಕಾಯುತ್ತಾ, ಪಾನಕಕ್ಕಾದ್ರೂ ಆಗ್ತಿತ್ತು" ಅಂದಿರಂತೆ. ಗಾಡಿಗೆ ಹಚ್ಚಿದ ಕುಂಕುಮವನ್ನೂ ಮಾರನೇ ದಿನವೇ ತೊಳೆದುಬಿಟ್ಟಿರಿ.

ಅದಾಗಿ ಸ್ವಲ್ಪ ದಿನಕ್ಕೆ, ನೀವು ಸಿಟಿಗೆ ಮೀಟಿಂಗಿಗೆ ಅಂತ ಬಸ್ಸಿನಲ್ಲಿ ಹೋಗಿದ್ದಾಗ, ಪಾತ್ರೆಗೆ ಹೆಸರು ಹೊಡೆಯುವವನು ಬೀದಿಯಲ್ಲಿ ಕೂಗಿಕೊಂಡು ಬಂದ. ಅಕ್ಕ ಹೊಸ ಹಿತ್ತಾಳೆ ಚೊಂಬು ಕೊಟ್ಟು ಶ್ರೀ ಹಾಕಿಸಿದಳು. ಅದು ಮುಗಿದ ಮೇಲೆ ಗಾಡಿ ತೋರಿಸಿದಳು. "ಕಬ್ಬಿಣಕ್ಕೆ ಉಳಿ ಹತ್ತಲ್ಲ ತಾಯಿ" ಅಂದನಂತೆ. ಇವಳು ಬಿಟ್ಟಾಳೆಯೇ? "ಏನು ಬರೆಯೋಕೆ ಕೂತ್ರೂ ಮೊದ್ಲು ಶ್ರೀ ಬರೆಯಲ್ವೇನೋ, ಹಾಗೆ ನಂಬರಿಗೆ ಮುಂಚೆ ಬರಲಿ ಅಂದೆ. ಜಾಗ ಇರ್ಲಿಲ್ಲ. ಆ ಇಂಗ್ಲಿಷ್ ಅಕ್ಷರ ಕಂಪನಿಯೋರ ಗುರುತು ಅಂದ್ಕೊಂಡೆ, ಉಜ್ಜಿ ತೆಗಿ ಅಂದೆ. ಕುಂಕುಮ ಆದ್ರೆ ತೊಳೆದು ಹಾಕ್ತಾರೆ, ಇದನ್ನ ಹೆಂಗೆ ತೊಳೀತಾರೆ ಅಂತ." ಅದರ ಮೇಲೆ ಗೇಟಿಗೆ ತಂದಿದ್ದ ಹಸಿರು ಬಣ್ಣವನ್ನೂ ತಾನೇ ಬಳಿದಳಂತೆ. ದಿನಾ ಒರೆಸುತ್ತಿದ್ದ ಗಾಡಿ ಭಾವ. ನಿಮ್ಮ ಬೆರಳಿಗೆ ಅದು ತಾಕಲೇ ಇಲ್ಲವೇ? ಅಥವಾ ತಾಕಿಯೂ...

ಇದನ್ನು ವೆಂಕಟಾಚಲಯ್ಯನವರಿಗೆ ತಿಳಿಸಿದೆ, ಆರ್.ಟಿ.ಓ.ನಲ್ಲಿ ಒಪ್ಪಿದರೆ ತಗೊಳ್ಳುತ್ತೇನೆ ಅಂದರು. ಆರ್.ಟಿ.ಓ. ಆಫೀಸಿಗೆ ಅಕ್ಕ ಬರಲೇಬೇಕಿತ್ತು. ಗಾಡಿ ನಿಮ್ಮ ಹೆಸರಿನಿಂದ ಮೊದಲು ಅವಳ ಹೆಸರಿಗೆ, ಆಮೇಲೆ ವೆಂಕಟಾಚಲಯ್ಯನವರ ಹೆಸರಿಗೆ. ನಾನು ಗಾಡಿ ಓಡಿಸಿಕೊಂಡು ಹೋದೆ, ಅವಳು ಬಸ್ಸಿನಲ್ಲಿ ಬಂದಳು, ಸೆರಗಿನೊಳಗೆ ಆ ಚೊಂಬು ಇಟ್ಟುಕೊಂಡು. ಇನ್ಸ್‌ಪೆಕ್ಟರು ಬಗ್ಗಿ ನೋಡಿ, ಗಂಭೀರವಾಗಿ ತಲೆಯೆತ್ತಿ, "ಯಾರ್ರೀ ಇದಕ್ಕೆ ಅರ ಹಾಕಿದ್ದು?" ಅಂದರು. ನಾನು ತೊದಲಿದೆ. ಅಕ್ಕ ಮುಂದೆ ಬಂದು ಚೊಂಬನ್ನು ಗಾಡಿಯ ಪಕ್ಕದಲ್ಲಿ ಹಿಡಿದಳು. ಅದೇ ಉದ್ದ ಬಾಲ, ಅದೇ ಚುಕ್ಕೆ, ಅದೇ ಕೈ. ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, "ಅವರು ಕಾಮಾಲೆಯಾಗಿ ಆಸ್ಪತ್ರೇಲಿ ಹೋದ್ರು ಸಾರ್. ಶ್ರೀ ಹಾಕಿಸಿದ್ಮೇಲೆ ಗಾಡಿ ಮೇಲೆ ಅವರಿಗೆ ಏನೂ ಆಗ್ಲಿಲ್ಲ" ಅಂದಳು.

ಆ ಮನುಷ್ಯ ಅಂಕಿಗಳನ್ನು ಇನ್ನೊಮ್ಮೆ ಪುಸ್ತಕಕ್ಕೆ ತಾಳೆ ನೋಡಿದರು, ಎಂಜಿನ್ ನಂಬರನ್ನೂ ನೋಡಿದರು. "ಎಲ್ಲಾ ಸರಿಯಿದೆ, ಒಂದಕ್ಷರ ಬಿಟ್ಟು. ಕದ್ದೋನು ನಂಬರ್ ಅಳಿಸ್ತಾನೆ, ಶ್ರೀ ಬರೆಯೋಕೆ ಕೂರಲ್ಲ ಬಿಡಿ" ಅಂದು, ಕುರ್ಚಿ ಎಳೆದು ಅಕ್ಕನಿಗೆ ಕೂರಲು ಹೇಳಿದರು. "ಆದ್ರೂ ಒಂದು ಹೇಳಿಕೆ ಬರ್ಕೋಬೇಕಮ್ಮ. ಗಾಡಿ ಯಾರದು?"

"ನಮ್ಮನೆಯವರದು."

"ಹೆಸರು ಹೇಳಿ."

ಅಕ್ಕ ಎಂದಿನಂತೆ ನನ್ನ ಕಡೆ ತಿರುಗಿದಳು. ಜನಗಣತಿಯವರು ಬಂದಾಗಲೂ ಹೀಗೇ ತಾನೇ? ನಾನು ಬಾಯಿ ತೆರೆದೆ. "ನೀವಲ್ಲ ಸಾರ್. ಹೇಳಿಕೆ ಅವರದು, ಅವರೇ ಹೇಳ್ಬೇಕು" ಅಂದರು ಇನ್ಸ್‌ಪೆಕ್ಟರು.

ನಿಮ್ಮ ಗೃಹಪ್ರವೇಶದ ದಿನ ನನಗೆ ಚೆನ್ನಾಗಿ ನೆನಪಿದೆ. ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಬಿಡೋದು ಅಂತ ಹಟ ಹಿಡಿದಿದ್ದರು. ಅಕ್ಕ ಅತ್ತೇ ಬಿಟ್ಟಳು. ನೀವೇ, "ಬಿಡ್ರಮ್ಮ, ನನ್ನ ಹೆಸರು ನಂಗೆ ಗೊತ್ತು" ಅಂದು ದಾರಿ ಮಾಡಿಸಿದಿರಿ. ಆಮೇಲೆ ಅಡುಗೆಮನೆಯಲ್ಲಿ, "ಒಂದೇ ಒಂದ್ಸಲ ಹೇಳೇ, ಕಿವಿ ತುಂಬ ಕೇಳ್ತೀನಿ" ಅಂತ ನೀವು ಗೋಗರೆಯುತ್ತಿದ್ದುದು ನಮಗೆಲ್ಲ ಕೇಳಿಸುತ್ತಿತ್ತು. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತೆ ಅಂತ ನಮ್ಮ ಅಜ್ಜಿ ಅವಳ ತಲೆಗೆ ತುಂಬಿದ್ದು. ಅವಳು ಒಂದು ಸಲವೂ ಹೇಳಲಿಲ್ಲ.

ಆಫೀಸಿನಲ್ಲಿ ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಇನ್ಸ್‌ಪೆಕ್ಟರ್ ಪೆನ್ನು ಹಿಡಿದು ಕಾಯುತ್ತಿದ್ದರು. "ಅನಂತರಾಮಯ್ಯ" ಅಂದಳು. ಅವರು ಬರೆದುಕೊಳ್ಳುವಷ್ಟರಲ್ಲಿ, ಯಾರೂ ಕೇಳದೆ, ಇನ್ನೊಂದು ಸಲ ಅಂದಳು. "ಹೆಚ್. ಅನಂತರಾಮಯ್ಯ."

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯಾಚೆ ನೋಡುತ್ತಾ, "ಇನ್ನು ಯಾರ ಆಯುಸ್ಸಿಗೆ ಹೆದರ್ಕೊಳ್ಳಲೋ ನಾಗ" ಅಂದಳು.

ಗಾಡಿ ಒಳ್ಳೆಯವರ ಕೈ ಸೇರಿದೆ, ನಿಮ್ಮ ಹೆಸರಿಗೆ ಒಂದು ಚುಕ್ಕೆಯೂ ತಾಕಲಿಲ್ಲ. ಇದಿಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ನೀವು ಅಷ್ಟು ವರ್ಷ ಆಸೆಪಟ್ಟಿದ್ದು ಒಬ್ಬ ಇನ್ಸ್‌ಪೆಕ್ಟರ ಕಿವಿಗೆ, ನನ್ನ ಕಿವಿಗೆ ಬಿತ್ತು. ನಿಮಗೆ ಮುಟ್ಟಿಸುವುದು ನನ್ನ ಕರ್ತವ್ಯ. ತಡವರಿಸಲಿಲ್ಲ, ನಾಚಿಕೊಳ್ಳಲಿಲ್ಲ. ಚೆನ್ನಾಗಿ ಹೇಳಿದಳು, ಭಾವ.