ಗಾಳಕ್ಕೆ ಬೆರಳು ತಾಕಿದ ಮೇಲೆ

ಕೇರ್ನ್ಸ್
ನವೆಂಬರ್ ಒಂಬತ್ತು, ಬುಧವಾರ

ನನ್ನ ಮುದ್ದು ಟೆಸ್ಸಾ,

ಹೇಗಿದ್ದೀಯೇ? ಭುಜದ ನೋವು ಹೋಯಿತೇ, ಇಲ್ಲಾ ಇನ್ನೂ ರಾತ್ರಿ ಆ ಮಗ್ಗುಲಿಗೆ ಮಲಗಲಾಗದೆ ಒದ್ದಾಡುತ್ತೀಯಾ? ಆರು ವರ್ಷ ನಮ್ಮ ದೋಣಿಯಲ್ಲಿ ಮೀನು ಕಚ್ಚಿದ ಗಾಳದ ತುದಿತಂತಿಯನ್ನು ಕೈಯಲ್ಲೇ ಎಳೆದವಳು ನೀನು, ಭುಜ ಸುಮ್ಮನೆ ಬಿಡುತ್ತದೆಯೇ! ಎಕ್ಸ್‌ಮೌತ್‌ನಲ್ಲಿ ಪ್ರವಾಸಿಗರನ್ನು ನೀರಿಗಿಳಿಸಿ ತಿಮಿಂಗಿಲ ಶಾರ್ಕ್ ತೋರಿಸುವ ಕೆಲಸವಾದರೂ ಹಗುರವಿರಬಹುದು ಅಂದುಕೊಂಡಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಗಟ್ಟಿಯಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ. ನನ್ನ ಮೂರು ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬೇಸರವಿಲ್ಲ ಅಂದರೆ ಸುಳ್ಳಾಗುತ್ತದೆ, ಬೇಸರವಿದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಇದನ್ನು ಹೇಳಲು ಈ ಊರಲ್ಲಿ ನನಗೆ ಬೇರೆ ಯಾರೂ ಇಲ್ಲ.

ಮಾರ್ಲಿನ್ ಮೀನಿನ ಕಾಲ ಈಗ ಭರ್ತಿಯಾಗಿ ನಡೆದಿದೆ. ನಿಮ್ಮಪ್ಪ ಕ್ಲೆಮ್ ಸೆಪ್ಟೆಂಬರಿನಿಂದ ಒಂದು ದಿನ ದಡದಲ್ಲಿ ನಿಂತಿಲ್ಲ. ನಿನ್ನ ಜಾಗಕ್ಕೆ ಡೌಗಲ್ ಬಂದಿದ್ದಾನೆ, ಐವತ್ತು ದಾಟಿದ ಮನುಷ್ಯ. ಕೆಲಸ ಬರುತ್ತದೆ, ಬಾಯಿ ಬರುವುದಿಲ್ಲ. ಅಡುಗೆ ಎಂದಿನಂತೆ ನನ್ನದೇ. ಹೋದ ವಾರ ಮೆಲ್ಬರ್ನಿನಿಂದ ಗ್ರೇಡನ್ ವೋಸ್ ಅನ್ನುವವನು ದೊಡ್ಡ ಮೀನು ಹಿಡಿಯಬೇಕೆಂದು ನಮ್ಮ ದೋಣಿ ಬಾಡಿಗೆಗೆ ಹಿಡಿದು ಬಂದ, ಟೈಲ್ಸ್ ಅಂಗಡಿಗಳ ಯಜಮಾನ. ನಾನು ಪಾಪ ಅಂತ ಅವನಿಗೆ ಬಾಳೆಹಣ್ಣಿನ ಕೇಕು ಮಾಡಿ ಒಯ್ದೆ ನೋಡು, ಅದೇ ತಪ್ಪಾಯಿತು. ಮೂವತ್ತು ವರ್ಷದಿಂದ ದೋಣಿಗಾರನ ಹೆಂಡತಿ ನಾನು, ನನಗೇ ಮರೆತುಹೋಗಿತ್ತು. "ಬಾಳೆಹಣ್ಣು ದೋಣಿ ಹತ್ತಿದ್ರೆ ಮೀನು ಹತ್ತಲ್ಲ ಕಣೇ, ತಲೆ ಕೆಟ್ಟಿದ್ಯಾ ನಿಂಗೆ?" ಅಂತ ಕ್ಲೆಮ್ ತಟ್ಟೆಸಮೇತ ಕೇಕನ್ನು ಸಮುದ್ರಕ್ಕೆಸೆದ. ನನ್ನ ಒಳ್ಳೆಯ ತಟ್ಟೆ! ಅಷ್ಟು ಮಡಿ ಆ ಮನುಷ್ಯನಿಗೆ.

ಎರಡನೆಯ ದಿನ ಬಂಡೆಸಾಲಿನ ಆಚೆ ಮೀನು ಕಚ್ಚಿತು. ಅದು ಒಂದು ಸಲ ನೀರಿನಿಂದ ಮೇಲೆ ಹಾರಿದಾಗ ಡೌಗಲ್ ಕೂಡ ಬಾಯಿಬಿಟ್ಟ, "ಅಮ್ಮಮ್ಮಾ, ಏನ್ ಹೆಣ್ಣಪ್ಪಾ ಇದು!" ಅಂದ. ಅಷ್ಟು ದೊಡ್ಡದಾಗಿ ಬೆಳೆಯುವುದು ಹೆಣ್ಣೇ, ಈ ತಿಂಗಳಲ್ಲಿ ಅವು ಇಲ್ಲಿಗೆ ಬರುವುದೂ ಮೊಟ್ಟೆ ಇಡುವುದಕ್ಕೇ. ವೋಸ್ ಕುರ್ಚಿಗೆ ಪಟ್ಟಿ ಬಿಗಿದುಕೊಂಡು ಕೂತ. ಮೊದಲ ಗಂಟೆ ಜಂಬ, ಎರಡನೆಯ ಗಂಟೆ ವಾಂತಿ, ಮೂರನೆಯ ಗಂಟೆ ಅಳು. ಕೈ ಮರಗಟ್ಟಿ "ನನ್ ಕೈಲಾಗಲ್ಲ, ಯಾರಾದ್ರೂ ಹಿಡ್ಕೊಳ್ರೋ" ಅಂತ ಗೋಗರೆದ. ಆಗ ನಿಮ್ಮಪ್ಪ ಚುಕ್ಕಾಣಿಯನ್ನು ಡೌಗಲ್ ಕೈಗೆ ಕೊಟ್ಟು ಕೆಳಗಿಳಿದು ಗಾಳಕ್ಕೆ ಕೈ ಹಾಕಿದ. ಬೆರಳು ತಾಕಿಸಿದ್ದಲ್ಲ, ಎರಡೂ ಕೈ ಕೊಟ್ಟು ಕಾಲು ಗಂಟೆ ಎಳೆದ. ಕಚ್ಚಿದಾಗಿನಿಂದ ತಂತಿ ಕೈಗೆ ಸಿಗುವವರೆಗೆ ಹಿಡಿದವನೊಬ್ಬನೇ ಹಿಡಿಯಬೇಕು, ಬೇರೆಯವರ ಬೆರಳು ತಾಕಿದರೂ ಮೀನು ದಾಖಲೆಯ ಲೆಕ್ಕಕ್ಕಿಲ್ಲ ಅಂತ ನಿನಗೆ ಎಬಿಸಿಡಿಗಿಂತ ಮೊದಲು ಕಲಿಸಿದವನೇ ಅವನು. ನನ್ನ ಕಡೆ ತಿರುಗಿ "ಮೇವಿಸ್, ಒಳಗೋಗಿ ಟೀ ಇಡು" ಅಂದ. ನಾನು ಹೋಗಲಿಲ್ಲ.

ಆಮೇಲೆ ಕೊಂದರು. ಇಪ್ಪತ್ತು ವರ್ಷ ಹಿಡಿದದ್ದಕ್ಕೆಲ್ಲ ಗುರುತಿನ ಚೀಟಿ ಚುಚ್ಚಿ ನೀರಿಗೆ ಬಿಟ್ಟು, ಒಂದೊಂದಕ್ಕೂ ಬಾವುಟ ಏರಿಸಿ ಮೆರೆದವನು, ದಾಖಲೆಯ ಆಸೆಗೆ ಕೊಕ್ಕೆ ಹಾಕಿಸಿದ. ನೀರಿನಲ್ಲಿ ನೀಲಿ ಮಿಂಚುತ್ತಿದ್ದ ಮೈ ದಡಕ್ಕೆ ಬರುವಷ್ಟರಲ್ಲಿ ಇದ್ದಿಲ ಹಾಗಾಗಿತ್ತು. ಬಾಲಕ್ಕೆ ಹಗ್ಗ ಕಟ್ಟಿ ತಲೆಕೆಳಗಾಗಿ ನೇತುಹಾಕಿದರು, ಐನೂರ ಹನ್ನೆರಡು ಕಿಲೋ. ಬಾಯಿಂದ ಲೋಳೆ, ಹಿಂದಿನಿಂದ ಮೊಟ್ಟೆ, ಎಲ್ಲಾ ಸುರಿದು ದೋಣಿಕಟ್ಟೆಯೆಲ್ಲ ಜಾರುತ್ತಿತ್ತು. ಅದರ ಮೇಲೇ ಬೂಟು ಹಾಕಿಕೊಂಡು ನಿಂತು ವೋಸ್ ಷಾಂಪೇನ್ ಚಿಮ್ಮಿಸಿ ಫೋಟೋ ತೆಗೆಸಿಕೊಂಡ, ಮೊಟ್ಟೆ ಮೆತ್ತಿದ ಕೈಯಲ್ಲೇ ಬರ್ಗರ್ ತಿಂದ. ಅಷ್ಟು ದೊಡ್ಡ ಮೀನನ್ನು ಯಾರು ತಿನ್ನುತ್ತಾರೆ? ಬಿಸಿಲಿಗೆ ನಾರತೊಡಗಿದ ಮೇಲೆ ಕಡಿದು ಏಡಿ ಹಿಡಿಯುವ ಬೋನಿಗೆ ಕೊಟ್ಟರು. ನನಗೆ ಮೂರು ದಿನ ಊಟ ಸೇರಲಿಲ್ಲ. ಕ್ಲೆಮ್ ಹತ್ತಿರ ಬಂದರೆ ಅದೇ ವಾಸನೆ. ಎಷ್ಟು ಸಲ ಸ್ನಾನ ಮಾಡಿದರೂ ಹೋಗುವುದಿಲ್ಲ, ಅಥವಾ ನನ್ನ ಮೂಗೇ ಹಾಗಾಗಿದೆ. ಹೇಸಿಗೆ ಕಣೇ, ಇಷ್ಟು ವರ್ಷ ಬಾಳಿದ ಗಂಡನ ಮೇಲೆ ಹೇಸಿಗೆ ಪಡುವುದು ಇನ್ನೊಂದು ಹೇಸಿಗೆ.

ಹೋದ ವರ್ಷ ಮೀನುಗಾರರ ಕ್ಲಬ್ಬಿನ ಬಹುಮಾನದ ದಿನ ನೀನು ಎದ್ದು ನಿಂತು, ಗೆದ್ದ ಮೀನಿನ ಗಾಳಕ್ಕೆ ಅಪ್ಪನ ಕೈ ತಾಕಿತ್ತು ಅಂದೆ. "ಚಾಡಿಕೋರಿ, ನನ್ ದೋಣಿಯಿಂದ ನಿನ್ ಚಪ್ಪಲಿ ಎತ್ಕೊಂಡು ಹೋಗು" ಅಂತ ಅವನು ಎಲ್ಲರೆದುರು ಅಂದುಬಿಟ್ಟ. ಕಟ್ಟೆಯ ಜನ ಈಗಲೂ ನಿನ್ನನ್ನು ಸುಳ್ಳಿ ಅನ್ನುತ್ತಾರೆ. ಈ ಸಲದ ದಾಖಲೆ ಅರ್ಜಿಗೆ ನಾಯಕನ ಜೊತೆ ಸಾಕ್ಷಿಯೊಬ್ಬರ ಸಹಿ ಬೇಕು. ಡೌಗಲ್ "ಚುಕ್ಕಾಣಿ ಹಿಡ್ದಿದ್ದೆ, ಹಿಂದೆ ನೋಡ್ಲಿಲ್ಲ" ಅಂತ ಜಾರಿಕೊಂಡ. "ನೀನೇ ಹಾಕು, ಹೋದ್ ಸಲದ ಥರ ತೊಂದ್ರೆ ಆಗ್ಬಾರ್ದು" ಅಂತ ಕ್ಲೆಮ್ ಕಾಗದವನ್ನು ಅಡುಗೆಮನೆ ಮೇಜಿನ ಮೇಲೆ ಇಟ್ಟುಹೋಗಿದ್ದಾನೆ. ಪೆನ್ನು ಸಹ ಪಕ್ಕದಲ್ಲೇ ಇಟ್ಟಿದ್ದಾನೆ, ಎಷ್ಟು ಅಕ್ಕರೆ ನೋಡು.

ಬಿಸಿಲಿಗೆ ಟೋಪಿ ಹಾಕಿಕೋ. ಭುಜಕ್ಕೆ ಬಿಸಿನೀರಿನ ಶಾಖ ಕೊಡು. ನೀನು ಎಲ್ಲಿದ್ದರೂ ನಿನ್ನ ನೀರು ತಿಳಿಯಾಗಿರಲಿ, ದಡ ಹತ್ತಿರವಿರಲಿ.

ನಿನ್ನ ಅಮ್ಮ,
ಮೇವಿಸ್

ತಾ.ಕ. ಗುರುವಾರ ಮಧ್ಯಾಹ್ನ. ಅಂಚೆಗೆ ಹಾಕುವ ಮೊದಲು ಲಕೋಟೆ ಒಡೆದು ಬರೆಯುತ್ತಿದ್ದೇನೆ. ಹೋದ ವರ್ಷ ಕ್ಲಬ್ಬಿನವರು ಕೇಳಿದಾಗ ನಾನು ಕೆಳಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ, ಏನೂ ನೋಡಲಿಲ್ಲ ಅಂದಿದ್ದೆನಲ್ಲ, ಅದು ಸುಳ್ಳು. ನಾನು ಬಾಗಿಲಲ್ಲೇ ನಿಂತಿದ್ದೆ ಟೆಸ್ಸಾ. ನೀನು ಕಂಡದ್ದೆಲ್ಲ ಕಂಡಿದ್ದೆ. ನಿನ್ನನ್ನು ಸುಳ್ಳಿ ಮಾಡಿದವಳು ನಾನು, ಅಪ್ಪನಲ್ಲ. ಇವತ್ತು ಬೆಳಿಗ್ಗೆ ಆ ಅರ್ಜಿಯ ಹಿಂಬದಿಯಲ್ಲಿ ಎರಡೂ ವರ್ಷದ್ದನ್ನು ಬರೆದು, ಸಹಿ ಹಾಕಿ, ಕ್ಲಬ್ಬಿನ ಕಾರ್ಯದರ್ಶಿಯ ಕೈಗೇ ಕೊಟ್ಟು ಬಂದೆ. ಸುದ್ದಿ ಆಗಲೇ ಕಟ್ಟೆಗೆ ಮುಟ್ಟಿದೆ, ಕ್ಲೆಮ್ ಗಾಡಿ ಬಂದು ನಿಂತ ಸದ್ದಾಯಿತು. ನನ್ನ ಚಪ್ಪಲಿ ಬಾಗಿಲ ಹೊರಗೆ ನಾನೇ ಇಟ್ಟುಕೊಂಡಿದ್ದೇನೆ.